ಹೇಂಟೆಯ ಗರಿ ಯಾಕೆ ಉದುರಿತು?

ಹಿತ್ತಿಲ ಕೋಳಿಯ ಮೈ ಬೋಳಾದರೆ ಮದ್ದಿಗೆ ಕೈ ಹಾಕುವ ಮೊದಲು ಅದನ್ನು ಹಿಡಿದು ನೋಡಬೇಕು. ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬ ವಿವರ ಇಲ್ಲಿದೆ.

'ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?' ಎಂಬುದು ನಮ್ಮಲ್ಲಿ ಹಳೆಯ ಗಾದೆ. ಅಡುಗೆಮನೆಯ ಮಟ್ಟಿಗೆ ಗಾದೆ ಸರಿಯೇ. ಆದರೆ ಅದೇ ಕೋಳಿ ಕಾಯಿಲೆ ಬಿದ್ದಾಗ ಅದನ್ನು ಕೇಳದೆ ಮದ್ದು ಅರೆಯುವುದು ಸರಿಯಲ್ಲ. ಕೇಳುವುದೆಂದರೆ ಇಲ್ಲಿ ನೋಡುವುದು. ಬಾಯಿಲ್ಲದ ಜೀವಿ ತನ್ನ ಕಷ್ಟವನ್ನು ಮೈಮೇಲೆಯೇ ತೋರಿಸಿಕೊಳ್ಳುತ್ತದೆ. ಅದರಲ್ಲೂ ಕೋಳಿಯ ಚರ್ಮ ಮತ್ತು ಗರಿ ಅದರ ಆರೋಗ್ಯಕ್ಕೆ ಹಿಡಿದ ಕನ್ನಡಿ.

ಕಾಪು ತಾಲೂಕಿನ ಇನ್ನಂಜೆಯನ್ನೇ ತೆಗೆದುಕೊಳ್ಳಿ. ಕೊಂಕಣ ರೈಲಿನ ಹಳಿ ಹಾದುಹೋಗುವ ಊರು. ಪಕ್ಕದಲ್ಲೇ ಮಲ್ಲಿಗೆಗೆ ಹೆಸರಾದ ಶಂಕರಪುರ. ಗದ್ದೆ, ತೆಂಗು, ಮನೆಯಂಗಳದ ಮಲ್ಲಿಗೆ ಗಿಡಗಳ ನಡುವೆ ಕೆದಕುತ್ತಾ ಓಡಾಡುವ ಐದೋ ಹತ್ತೋ ಊರ ಕೋಳಿಗಳು ಇಂಥ ಊರುಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಸಾಕುವವರು ಹೆಚ್ಚಾಗಿ ಮನೆಯ ಹೆಂಗಸರು. ಮೊಟ್ಟೆ ಮಾರಿದ ಹಣ ಅವರ ಕೈಖರ್ಚಿಗೆ, ಮಕ್ಕಳ ಪುಸ್ತಕ ಪೆನ್ಸಿಲಿಗೆ. ಉಳಿದ ಮೊಟ್ಟೆ ಮಕ್ಕಳ ಬಟ್ಟಲಿಗೆ.

ಇದು ಒಂದು ಊರಿನ ಮಾತಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಒಟ್ಟು 85 ಕೋಟಿಗೂ ಹೆಚ್ಚು ಕೋಳಿ ಮುಂತಾದ ಸಾಕುಹಕ್ಕಿಗಳಿದ್ದವು. ಅವುಗಳಲ್ಲಿ ಸುಮಾರು 31.7 ಕೋಟಿ ಹಿತ್ತಿಲಲ್ಲಿ ಸಾಕಿದವು. ಹಿಂದಿನ ಗಣತಿಗಿಂತ ಇದು ಸುಮಾರು ಶೇ. 46ರಷ್ಟು ಹೆಚ್ಚು. ದೊಡ್ಡ ಫಾರಂಗಳಿಗೆ ಪಶುವೈದ್ಯರು ತಾವಾಗಿ ಬರುತ್ತಾರೆ. ಹಿತ್ತಿಲ ಹತ್ತು ಕೋಳಿಗೆ ಮನೆಯವರ ಕಣ್ಣೇ ಮೊದಲ ವೈದ್ಯ.

ಈ ಕಣ್ಣು ತಪ್ಪಿದರೆ ಆಗುವ ಅನಾಹುತ ಸಣ್ಣದಲ್ಲ. ಕೋಳಿಯ ಬೆನ್ನು ಬೋಳಾದದ್ದು ಕಂಡ ಕೂಡಲೇ 'ಹೇನು' ಎಂದು ತೀರ್ಮಾನಿಸಿ, ಗಿಡಕ್ಕೆ ಹೊಡೆದು ಉಳಿದ ಕೀಟನಾಶಕವನ್ನು ಕೋಳಿಗೆ ಎರಚುವ ರೂಢಿ ಹಲವೆಡೆ ಇದೆ. ಬೋಳಾದದ್ದಕ್ಕೆ ಕಾರಣ ಹುಂಜನ ಉಗುರಾಗಿದ್ದರೆ ಈ ವಿಷದಿಂದ ಬೆನ್ನಿಗೆ ಏನೂ ಲಾಭವಿಲ್ಲ. ಆದರೆ ವಿಷ ಚರ್ಮದ ಮೂಲಕ ಮೈಗೆ, ಮೈಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮಗುವಿನ ಬಟ್ಟಲಿಗೆ ಬರಬಹುದು. ಆದ್ದರಿಂದ ರೋಗ ಗುರುತಿಸುವ ವಿದ್ಯೆ ಕೋಳಿಗಷ್ಟೇ ಅಲ್ಲ, ಮನೆಯವರ ಆರೋಗ್ಯಕ್ಕೂ ಬೇಕಾದದ್ದು.

ಮೊದಲು ನಾಲ್ಕು ಪ್ರಶ್ನೆ

ಕೋಳಿಯನ್ನು ಹಗಲು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ. ಕತ್ತಲಾದ ಮೇಲೆ ಗೂಡಿನಿಂದ ಮೆಲ್ಲಗೆ ಎತ್ತಿಕೊಳ್ಳಿ. ಆಗ ಅದು ಗಲಾಟೆ ಮಾಡುವುದಿಲ್ಲ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು ಟಾರ್ಚಿನ ಬೆಳಕಿನಲ್ಲಿ ತಲೆಯಿಂದ ಕಾಲಿನವರೆಗೆ ಕ್ರಮವಾಗಿ ನೋಡಿ: ಜುಟ್ಟು, ಕಣ್ಣು, ಬಾಯಿಯ ಒಳಭಾಗ, ಕುತ್ತಿಗೆ, ರೆಕ್ಕೆಯ ಅಡಿ, ಬೆನ್ನು, ಗುದದ್ವಾರದ ಸುತ್ತ, ಕಾಲಿನ ಹುರುಪೆ, ಪಾದದ ಅಡಿ. ಗರಿಗಳ ಮೇಲೆ ಬಾಯಿಂದ ಗಾಳಿ ಊದಿದರೆ ಅವು ಬಿಚ್ಚಿಕೊಂಡು ಚರ್ಮ ಕಾಣುತ್ತದೆ.

ನೋಡುವಾಗ ನಾಲ್ಕು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಒಂದು: ಬೋಳು ಎಲ್ಲಿದೆ? ಬೆನ್ನಿನ ಮೇಲೋ, ಎದೆಯಲ್ಲೋ, ಬಾಲದ ಬುಡದಲ್ಲೋ, ಕುತ್ತಿಗೆಯಲ್ಲೋ?

ಎರಡು: ಗರಿ ಹೇಗೆ ಹೋಗಿದೆ? ಬುಡಸಮೇತ ಉದುರಿದೆಯೋ, ನಡುವೆ ಮುರಿದು ದಂಟು ಉಳಿದಿದೆಯೋ? ಹೊಸ ಗರಿ ಕಡ್ಡಿಯಂತೆ ಮೂಡುತ್ತಿದೆಯೋ?

ಮೂರು: ಎಷ್ಟು ಕೋಳಿಗೆ? ಒಂದಕ್ಕೋ, ಎಲ್ಲಕ್ಕೋ? ಹೇಂಟೆಗಳಿಗೆ ಮಾತ್ರವೋ, ಹುಂಜನಿಗೂ ಇದೆಯೋ?

ನಾಲ್ಕು: ಯಾವಾಗ ಶುರುವಾಯಿತು? ಮಳೆಗಾಲದಲ್ಲೋ, ಸೆಕೆಯಲ್ಲೋ, ಮರಿ ಮಾಡಿದ ಮೇಲೋ, ಹೊಸ ಕೋಳಿ ತಂದ ಮೇಲೋ?

ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ರೋಗ ಗೊತ್ತಾದಂತೆಯೇ.

ರೋಗವಲ್ಲದ ಬೋಳು

ಬೋಳಾದ ಕೋಳಿಗಳೆಲ್ಲ ರೋಗಿಗಳಲ್ಲ. ಹಾವು ಪೊರೆ ಕಳಚುವಂತೆ ಬೆಳೆದ ಕೋಳಿ ವರ್ಷಕ್ಕೊಮ್ಮೆ ಹಳೆಯ ಗರಿಗಳನ್ನು ಬಿಟ್ಟು ಹೊಸದನ್ನು ಪಡೆಯುತ್ತದೆ. ಇದು ಸಾಮಾನ್ಯವಾಗಿ ತಲೆ, ಕುತ್ತಿಗೆಯಿಂದ ಆರಂಭವಾಗಿ ಎದೆ, ಮೈ, ರೆಕ್ಕೆ, ಕೊನೆಗೆ ಬಾಲ ಎಂಬ ಕ್ರಮದಲ್ಲಿ ಸಾಗುತ್ತದೆ. ಮುಗಿಯಲು ಎರಡು ಮೂರು ತಿಂಗಳು ಹಿಡಿಯಬಹುದು. ಆಗ ಬೋಳು ಎರಡೂ ಬದಿಯಲ್ಲಿ ಒಂದೇ ಸಮನಾಗಿರುತ್ತದೆ, ಚರ್ಮ ಸ್ವಚ್ಛವಾಗಿರುತ್ತದೆ, ಕಡ್ಡಿಯಂಥ ಎಳೆಗರಿಗಳು ಸಾಲಾಗಿ ಮೂಡಿರುತ್ತವೆ. ಕೋಳಿ ಮೊಟ್ಟೆ ನಿಲ್ಲಿಸಬಹುದು, ಆದರೆ ಮೇವು ಬಿಡುವುದಿಲ್ಲ.

ಮೊಟ್ಟೆ ಯಾಕೆ ನಿಲ್ಲುತ್ತದೆ? ಗರಿಯ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನು. ನಮ್ಮ ಉಗುರು, ಕೂದಲುಗಳೂ ಕೆರಾಟಿನ್‌ನಿಂದಲೇ ಆದವು. ಮೈತುಂಬ ಹೊಸ ಗರಿ ನೇಯುವಾಗ ಮೊಟ್ಟೆಗೆ ಬೇಕಾದ ಪ್ರೋಟೀನು ಅತ್ತ ಖರ್ಚಾಗುತ್ತದೆ. ಇಂಥ ಹೇಂಟೆಯನ್ನು 'ಇನ್ನು ಪ್ರಯೋಜನವಿಲ್ಲ' ಎಂದು ಮಾರಿಬಿಡುವವರಿದ್ದಾರೆ. ಎರಡು ತಿಂಗಳು ಕಾದರೆ ಅದೇ ಹೇಂಟೆ ಹೊಳೆಯುವ ಗರಿಯೊಂದಿಗೆ ಮತ್ತೆ ಮೊಟ್ಟೆಗೆ ಬರುತ್ತದೆ. ಆ ದಿನಗಳಲ್ಲಿ ತೌಡಿನ ಜತೆ ತೆಂಗಿನ ಹಿಂಡಿ, ಗೆದ್ದಲು, ಉಪ್ಪು ತೊಳೆದ ಒಣಮೀನಿನ ಚೂರು ಕೊಟ್ಟರೆ ಒಳ್ಳೆಯದು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಕೊಡಬಾರದು. ಬೂಷ್ಟಿನ ವಿಷ ಕೋಳಿಯ ಪಿತ್ತಕೋಶವಿರುವ ಯಕೃತ್ತನ್ನೇ ಕೆಡಿಸುತ್ತದೆ.

ಕಾವಿಗೆ ಕೂತ ಹೇಂಟೆಯ ಎದೆ, ಹೊಟ್ಟೆ ಬೋಳಾಗುವುದೂ ಸಹಜ. ಮೈಯ ಬಿಸಿ ನೇರವಾಗಿ ಮೊಟ್ಟೆಗೆ ತಟ್ಟಲಿ ಎಂದು ಪ್ರಕೃತಿ ಮಾಡಿದ ಏರ್ಪಾಡು ಅದು. 21 ದಿನ ಕಾವು ಕೊಟ್ಟು, ಮರಿ ಎಬ್ಬಿಸಿ, ಕೆಲವು ವಾರ ಕಳೆದ ಮೇಲೆ ಗರಿ ತಾನಾಗಿ ಬರುತ್ತದೆ.

ಇನ್ನು ಕೆಲವು ಕೋಳಿಗಳು ಹುಟ್ಟಿನಿಂದಲೇ ಬೇರೆ. ಬೋಳು ಕುತ್ತಿಗೆಯ ಕೋಳಿಗೆ ಆ ಗುಣ ವಂಶದಿಂದ ಬಂದದ್ದು. ಗರಿ ಕಡಿಮೆಯಿರುವುದರಿಂದ ಅದು ಸೆಕೆಯನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಮಧ್ಯಪ್ರದೇಶದ ಕಡಕ್‌ನಾಥ್ ತಳಿಯ ಜುಟ್ಟು, ಚರ್ಮ, ಮಾಂಸ ಎಲ್ಲವೂ ಕಪ್ಪು. ಜುಟ್ಟು ಕಪ್ಪಾಗಿದೆಯೆಂದು ಅದಕ್ಕೆ ಮದ್ದು ಹಾಕಬೇಕಾಗಿಲ್ಲ. ಆದರೆ ಕೆಂಪು ಜುಟ್ಟಿನ ಊರ ಕೋಳಿಯ ಜುಟ್ಟು ಒಮ್ಮೆಲೇ ನೀಲಿಗಪ್ಪಾದರೆ ಅದು ಬೇರೆಯೇ ಮಾತು. ಅದನ್ನು ಮುಂದೆ ನೋಡೋಣ.

ಹೇನೋ, ನುಸಿಯೋ?

'ಕೋಳಿ ಹೇನು' ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ಜೀವಿಗಳು ಸೇರಿಹೋಗಿವೆ. ಹೇನು ಆರು ಕಾಲಿನ ಕೀಟ. ನುಸಿ ಎಂಟು ಕಾಲಿನದು; ಜೇಡ, ಉಣ್ಣಿಗಳ ಬಂಧು. ಎರಡರ ಜೀವನಕ್ರಮವೂ ಬೇರೆ, ಆದ್ದರಿಂದ ಪರಿಹಾರವೂ ಬೇರೆ.

ಹೇನು ತನ್ನ ಇಡೀ ಬಾಳನ್ನು ಕೋಳಿಯ ಮೈಮೇಲೆಯೇ ಕಳೆಯುತ್ತದೆ. ಹುಲ್ಲಿನ ಬಣ್ಣದ, ಚಪ್ಪಟೆ ಮೈಯ ಈ ಕೀಟ ಗರಿ ಬಿಡಿಸಿದ ಕೂಡಲೇ ಸರಸರನೆ ಓಡುತ್ತದೆ. ಗುದದ್ವಾರದ ಸುತ್ತಲಿನ ಗರಿಗಳ ಬುಡದಲ್ಲಿ ಬಿಳಿ ಗಂಟಿನಂತೆ ಅಂಟಿಕೊಂಡದ್ದು ಅದರ ಸೀರು. ಕೋಳಿ ಹೇನಿನ ಮುಖ್ಯ ಆಹಾರ ಚರ್ಮದ ಹೊಟ್ಟು ಮತ್ತು ಗರಿಯ ಚೂರು. ಕೋಳಿಗೆ ತುರಿಕೆ, ನಿದ್ದೆಗೇಡು, ಮೊಟ್ಟೆ ಇಳಿಕೆ. ಮನುಷ್ಯರ ತಲೆಗೆ ಈ ಹೇನು ಹತ್ತುವುದಿಲ್ಲ. ಮಕ್ಕಳ ತಲೆಯ ಹೇನಿಗೆ ಕೋಳಿಯನ್ನು ದೂರುವುದು ಬೇಡ.

ನುಸಿಯಲ್ಲಿ ಹಲವು ಬಗೆ. ಕೆಲವು ಕೋಳಿಯ ಮೈಮೇಲೆಯೇ ಉಳಿದು ರಕ್ತ ಹೀರುತ್ತವೆ; ಆಗ ಬಾಲದ ಬುಡದ ಗರಿಗಳು ಕೊಳೆ ಹಿಡಿದಂತೆ ಕಪ್ಪಾಗಿ ಕಾಣುತ್ತವೆ. ಆದರೆ ಕೆಂಪು ನುಸಿ ಎಂಬುದು ಕಳ್ಳನ ಜಾತಿ. ಹಗಲು ಗೂಡಿನ ಸಂದಿ, ಮರದ ಬಿರುಕು, ಮೊಟ್ಟೆ ಇಡುವ ಬುಟ್ಟಿಯ ಹೆಣಿಗೆಯಲ್ಲಿ ಅಡಗಿರುತ್ತದೆ. ರಾತ್ರಿ ಹೊರಬಂದು ನಿದ್ದೆಯಲ್ಲಿರುವ ಕೋಳಿಯ ರಕ್ತ ಹೀರುತ್ತದೆ. ಹಗಲು ಕೋಳಿಯನ್ನು ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ!

ಕೆಂಪು ನುಸಿಯ ಸುಳಿವನ್ನು ಕೋಳಿಯೇ ಕೊಡುತ್ತದೆ. ಸಂಜೆ ಗೂಡಿಗೆ ಹೋಗಲು ಒಪ್ಪುವುದಿಲ್ಲ, ಮರ ಏರಿ ಕೂರುತ್ತದೆ. ಕಾವಿಗೆ ಕೂತ ಹೇಂಟೆ ಮೊಟ್ಟೆ ಬಿಟ್ಟು ಏಳುತ್ತದೆ. ಜುಟ್ಟು ಕೆಂಪು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಅನುಮಾನ ಬಂದರೆ ಗೂಡಿನ ಅಡ್ಡಕೋಲಿನ ಅಡಿಯಲ್ಲಿ ರಾತ್ರಿ ಒಂದು ಬಿಳಿ ಬಟ್ಟೆ ಉಜ್ಜಿ ನೋಡಿ. ರಕ್ತದ ಕಲೆ ಕಂಡರೆ ಕಳ್ಳ ಸಿಕ್ಕಂತೆ. ಈ ನುಸಿ ಮನುಷ್ಯರನ್ನೂ ಕಚ್ಚುತ್ತದೆ. ಗೂಡು ಗುಡಿಸಿ ಬಂದವರ ಕೈಯಲ್ಲಿ ಕೆಂಪು ಗುಳ್ಳೆ, ತುರಿಕೆ ಕಂಡರೆ ಅದೂ ಒಂದು ಸಾಕ್ಷಿ.

ಹೇನಿಗೆ ಕೋಳಿಯ ಮೈ ನೋಡಿಕೊಳ್ಳಬೇಕು, ಕೆಂಪು ನುಸಿಗೆ ಗೂಡನ್ನು. ಎರಡರ ನಡುವಿನ ಈ ವ್ಯತ್ಯಾಸ ಗೊತ್ತಿಲ್ಲದೆ ಕೋಳಿಗೆ ಎಷ್ಟು ಪುಡಿ ಹಾಕಿದರೂ ನುಸಿ ಗೂಡಿನಲ್ಲಿ ನೆಮ್ಮದಿಯಿಂದ ಇರುತ್ತದೆ. ರಕ್ತ ಸಿಗದಿದ್ದರೂ ಅದು ತಿಂಗಳುಗಟ್ಟಲೆ ಬದುಕಬಲ್ಲದು. ಗೂಡನ್ನು ಖಾಲಿ ಮಾಡಿ, ಹಳೆಯ ಹುಲ್ಲು ಸುಟ್ಟು, ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿಯಬೇಕು. ಒಂದು ವಾರ ಬಿಟ್ಟು ಇದನ್ನೇ ಮತ್ತೊಮ್ಮೆ ಮಾಡಬೇಕು. ಬೆಚ್ಚನೆಯ ಹವೆಯಲ್ಲಿ ಈ ನುಸಿಯ ಹೊಸ ತಲೆಮಾರು ಏಳರಿಂದ ಹತ್ತು ದಿನಗಳಲ್ಲಿ ಸಿದ್ಧವಾಗುತ್ತದೆ.

ಹೇನಿಗೂ ಇದೇ ಲೆಕ್ಕ ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಯಾವ ಪುಡಿಯೂ ಸೀರನ್ನು ಸುಲಭದಲ್ಲಿ ಕೊಲ್ಲುವುದಿಲ್ಲ. ಆದ್ದರಿಂದ ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಎರಡನೆಯ ಸಲ ಚಿಕಿತ್ಸೆ ಆಗಲೇಬೇಕು. 'ಮದ್ದು ಹಾಕಿದೆವು, ಹೋಗಲಿಲ್ಲ' ಎನ್ನುವವರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಈ ಎರಡನೆಯ ಸಲವನ್ನೇ.

ಕಾಲಿನ ಹುರುಪೆ ಎದ್ದರೆ

ಮುದಿ ಕೋಳಿಯ ಕಾಲು ನೋಡಿ. ಹುರುಪೆಗಳು ಹೆಂಚು ಹೊದೆಸಿದಂತೆ ನಯವಾಗಿ ಮಲಗಿರಬೇಕು. ಅವು ಎದ್ದು, ನಡುವೆ ಸುಣ್ಣದಂಥ ಬಿಳಿಹೊಟ್ಟು ಕಟ್ಟಿ, ಕಾಲು ದಪ್ಪಗಾಗಿದ್ದರೆ ಅದು ವಯಸ್ಸಿನ ಲಕ್ಷಣವಲ್ಲ. ಹುರುಪೆಯ ಅಡಿಯಲ್ಲಿ ಬಿಲ ಕೊರೆದು ವಾಸಿಸುವ, ಬರಿಗಣ್ಣಿಗೆ ಕಾಣದ ಒಂದು ಬಗೆಯ ನುಸಿಯ ಕೆಲಸ ಅದು. ಬಿಟ್ಟರೆ ಕೋಳಿ ಕುಂಟುತ್ತದೆ, ಬೆರಳುಗಳು ಸೊಟ್ಟಗಾಗುತ್ತವೆ.

ಇದಕ್ಕೆ ಸುಲಭ ಉಪಾಯವಿದೆ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲನ್ನು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೃದುವಾಗಿ ತಿಕ್ಕಿ, ಒರೆಸಿ, ತೆಂಗಿನೆಣ್ಣೆ ಅಥವಾ ವ್ಯಾಸಲಿನ್ ದಪ್ಪಗೆ ಸವರಬೇಕು. ಎಣ್ಣೆಯಡಿಯಲ್ಲಿ ನುಸಿಗೆ ಉಸಿರು ಕಟ್ಟುತ್ತದೆ. ಎರಡು ಮೂರು ದಿನಕ್ಕೊಮ್ಮೆಯಂತೆ ಕೆಲವು ವಾರ ಮುಂದುವರಿಸಬೇಕು. ಹುರುಪೆಯನ್ನು ಉಗುರಿನಿಂದ ಕಿತ್ತು ರಕ್ತ ಬರಿಸಬಾರದು. ಸೀಮೆಎಣ್ಣೆಯಲ್ಲಿ ಕಾಲು ಅದ್ದುವ ಹಳೆಯ ಕ್ರಮ ಚರ್ಮವನ್ನು ಸುಡುತ್ತದೆ. ಅದನ್ನು ಬಿಡುವುದೇ ಲೇಸು.

ಪಾದದ ಅಡಿಯಲ್ಲಿ ಕಪ್ಪು ಚೆಕ್ಕೆಯೊಂದಿಗೆ ಗಟ್ಟಿ ಬಾವು ಇದ್ದರೆ ಅದು ನುಸಿಯಲ್ಲ. ಗಾಯದೊಳಗೆ ಸೇರಿದ ಬ್ಯಾಕ್ಟೀರಿಯಾದಿಂದ ಆದ ಕೀವುಗಂಟು. ಗಟ್ಟಿ ಮುರಕಲ್ಲಿನ ನೆಲಕ್ಕೆ ಎತ್ತರದಿಂದ ಹಾರಿ ಹಾರಿ ಪಾದ ಒಡೆದರೆ ಹೀಗಾಗುತ್ತದೆ. ಇದನ್ನು ಮನೆಯಲ್ಲಿ ಕೊಯ್ಯದೆ ಪಶುವೈದ್ಯರಿಗೆ ತೋರಿಸಿ, ಅಡ್ಡಕೋಲನ್ನು ತಗ್ಗಿಸಿ.

ಕುಕ್ಕಾಟ ಮತ್ತು ಹುಂಜನ ಉಗುರು

ಹೇಂಟೆಗಳ ಬೆನ್ನು, ತಲೆಯ ಹಿಂಭಾಗ ಮಾತ್ರ ಬೋಳಾಗಿ, ಹುಂಜ ಮಾತ್ರ ಮದುಮಗನಂತೆ ಮಿರಮಿರ ಮಿಂಚುತ್ತಿದ್ದರೆ ಅಪರಾಧಿ ಯಾರೆಂದು ಹೇಳಬೇಕಾಗಿಲ್ಲ. ಮೇಲೇರುವಾಗ ಹುಂಜ ಕೊಕ್ಕಿನಿಂದ ತಲೆಯ ಗರಿ ಹಿಡಿದು, ಕಾಲುಗುರುಗಳಿಂದ ಬೆನ್ನು ಒತ್ತಿಕೊಳ್ಳುತ್ತದೆ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಮೂರು ಹೇಂಟೆಗೆ ಎರಡು ಹುಂಜ ಇದ್ದ ಹಿತ್ತಿಲಲ್ಲಿ ಬೆನ್ನು ಬೋಳಾಗದೆ ಇರುವುದಿಲ್ಲ.

ತುಳುನಾಡಿನಲ್ಲಿ ಹುಂಜಗಳಿಗೆ ಗರಿಯ ಬಣ್ಣ ನೋಡಿ ಬೊಳ್ಳೆ, ಕೆಮ್ಮೈರೆ, ಉರಿಯೆ ಎಂದು ಹೆಸರಿಡುವ ಸಂಪ್ರದಾಯವೇ ಇದೆ. ಗರಿಯನ್ನು ಅಷ್ಟು ಸೂಕ್ಷ್ಮವಾಗಿ ನೋಡಬಲ್ಲ ಕಣ್ಣು ನಮ್ಮ ಹಿರಿಯರದ್ದು. ಅದೇ ಕಣ್ಣನ್ನು ಹೇಂಟೆಯ ಬೆನ್ನಿನ ಮೇಲೂ ಹಾಯಿಸಿದರೆ ಸಾಕು. ಇನ್ನು ಕೋಳಿ ಅಂಕದ ವಿಚಾರ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು ಅಪರಾಧ. ಗಾಯಗೊಂಡು ಮರಳಿದ ಹುಂಜ ಹತ್ತಾರು ಊರುಗಳ ಹೇನು, ಸಿಡುಬುಗಳನ್ನೂ ಮನೆಗೆ ತರಬಹುದೆಂಬುದು ಅದರ ಮೇಲಿನ ಮಾತು.

ಹೇಂಟೆಗಳೇ ಒಂದನ್ನೊಂದು ಕುಕ್ಕುವುದೂ ಉಂಟು. ಆಗ ಗರಿ ನಡುವೆ ಮುರಿದಿರುತ್ತದೆ. ಬಾಲದ ಬುಡದಲ್ಲಿ ಗಾಯ ಇರುತ್ತದೆ. ಕಾರಣಗಳು ನಾಲ್ಕೈದು: ಗೂಡು ಇಕ್ಕಟ್ಟು, ಮೇವಿನಲ್ಲಿ ಪ್ರೋಟೀನು ಅಥವಾ ಉಪ್ಪಿನ ಕೊರತೆ, ವಿಪರೀತ ಸೆಕೆ, ದಿನವಿಡೀ ಕೂಡಿಹಾಕುವುದು, ಹೊಸ ಕೋಳಿಯ ಪ್ರವೇಶ. ರಕ್ತದ ಬಣ್ಣ ಕಂಡರೆ ಉಳಿದ ಕೋಳಿಗಳೂ ಅಲ್ಲಿಗೇ ಕುಕ್ಕುತ್ತವೆ. ಗಾಯದ ಕೋಳಿಯನ್ನು ಅದೇ ದಿನ ಬೇರೆ ಮಾಡಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಕೂಡಿಹಾಕಬೇಕಾದಾಗ ಗೂಡಿನಲ್ಲಿ ಒಂದು ಕಟ್ಟು ಸೊಪ್ಪು ತೂಗುಹಾಕಿ. ಕೊಕ್ಕಿಗೆ ಕೆಲಸ ಸಿಕ್ಕರೆ ಜಗಳ ಕಡಿಮೆ.

ಮಳೆಗಾಲದ ಸಿಡುಬು

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಮಳೆ ಬಿಟ್ಟು ಬಿಟ್ಟು ಬರುವ ದಿನಗಳಲ್ಲಿ ತೆಂಗಿನ ಚಿಪ್ಪು, ಒಡೆದ ಮಡಕೆ, ಟಯರುಗಳಲ್ಲಿ ನೀರು ನಿಂತು ಸೊಳ್ಳೆ ಹುಟ್ಟುತ್ತದೆ. ಸೊಳ್ಳೆಯ ಹಿಂದೆಯೇ ಬರುವುದು ಕೋಳಿ ಸಿಡುಬು.

ಇದು ವೈರಸ್ಸಿನಿಂದ ಬರುವ ರೋಗ. ಗರಿಯಿಲ್ಲದ ಜಾಗಗಳಲ್ಲಿ, ಅಂದರೆ ಜುಟ್ಟು, ಕೊಕ್ಕಿನ ಕೆಳಗೆ ಜೋಲುವ ಕೆಂಪು ಚರ್ಮ, ಕಣ್ಣರೆಪ್ಪೆಗಳಲ್ಲಿ ಮೊದಲು ಬೂದು ಬಣ್ಣದ ಸಣ್ಣ ಗುಳ್ಳೆ ಏಳುತ್ತದೆ. ಅದು ದೊಡ್ಡದಾಗಿ, ಒಣಗಿ, ಕಂದು ಹಕ್ಕಳೆಯಾಗುತ್ತದೆ. ಕಣ್ಣು ಮುಚ್ಚಿಹೋದರೆ ಕೋಳಿಗೆ ಮೇವು ಕಾಣುವುದಿಲ್ಲ. ಎಷ್ಟೋ ಮರಿಗಳು ಸಾಯುವುದು ರೋಗಕ್ಕಿಂತ ಹೆಚ್ಚಾಗಿ ಹಸಿವಿನಿಂದ. ಕೈಯಾರೆ ನೀರು, ಗಂಜಿ ಕೊಟ್ಟರೆ ಹಲವು ಉಳಿಯುತ್ತವೆ. ಮೂರು ನಾಲ್ಕು ವಾರಗಳಲ್ಲಿ ಹಕ್ಕಳೆ ಉದುರಿ ಗುಣವಾಗುತ್ತದೆ.

ಇದೇ ವೈರಸ್ಸು ಬಾಯಿ, ಗಂಟಲಿನೊಳಗೆ ಹಳದಿ ಪೊರೆ ಕಟ್ಟುವುದೂ ಇದೆ. ಅದು ಹೆಚ್ಚು ಅಪಾಯಕಾರಿ, ಉಸಿರೇ ಕಟ್ಟಬಹುದು. ಆದ್ದರಿಂದಲೇ ಬಾಯಿ ತೆರೆದು ನೋಡಬೇಕೆಂದು ಮೊದಲೇ ಹೇಳಿದ್ದು.

ಜುಟ್ಟಿನ ಮೇಲಿನ ಪ್ರತಿ ಚುಕ್ಕೆಯೂ ಸಿಡುಬಲ್ಲ. ಕುಕ್ಕಿದ ಗಾಯವಾದರೆ ಹೊಸ ರಕ್ತದ ಕಲೆ ಇರುತ್ತದೆ, ಒಂದೆರಡು ಕೋಳಿಗಳಲ್ಲಿ ಮಾತ್ರ. ಕಣ್ಣಿನ ಸುತ್ತ ಕಂದು ಸಾಸಿವೆಯಂತೆ ಕಚ್ಚಿಕೊಂಡು ಕೂತದ್ದು ಚಿಗಟ. ಭೂತಗನ್ನಡಿಯಲ್ಲಿ ಅದರ ಕಾಲು ಕಾಣುತ್ತದೆ. ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಹರಡಿದ್ದರೆ ಅದು ಶಿಲೀಂಧ್ರ, ನಮ್ಮ ಹುಳುಕಡ್ಡಿಯಂಥದು. ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು.

'ಅಮ್ಮಾ, ಕೋಳಿಯ ಸಿಡುಬು ನಮಗೂ ಬರ್ತದಾ?' ಎಂದು ಮಕ್ಕಳು ಕೇಳುವುದುಂಟು. ಬರುವುದಿಲ್ಲ. ಮಕ್ಕಳಿಗೆ ಬರುವ ಸೀತಾಳೆ ಸಿಡುಬನ್ನು ಇಂಗ್ಲಿಷಿನಲ್ಲಿ ಚಿಕನ್‌ಪಾಕ್ಸ್ ಎನ್ನುತ್ತಾರೆ, ನಿಜ. ಆದರೆ ಆ ರೋಗಕ್ಕೂ ಕೋಳಿಗೂ ಸಂಬಂಧವಿಲ್ಲ. ಅದರ ವೈರಸ್ಸೇ ಬೇರೆ ಕುಟುಂಬದ್ದು. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಕೋಳಿ ಸಿಡುಬು ಬಂದ ಮೇಲೆ ಅದನ್ನು ಕೊಲ್ಲುವ ಮದ್ದಿಲ್ಲ. ಬರುವ ಮೊದಲು ಲಸಿಕೆ ಇದೆ. ರೆಕ್ಕೆಯ ತೆಳು ಪೊರೆಗೆ ಸೂಜಿಯಿಂದ ಚುಚ್ಚಿ ಹಾಕುತ್ತಾರೆ. ವಾರ ಹತ್ತು ದಿನಗಳಲ್ಲಿ ಅಲ್ಲಿ ಸಣ್ಣ ಗಂಟು ಕಂಡರೆ ಲಸಿಕೆ ಹಿಡಿದಿದೆ ಎಂದರ್ಥ. ರಾಜ್ಯದ ಪಶು ಲಸಿಕೆಗಳ ತಯಾರಿಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೇ ಇದೆ. ಒಂದು ಸೀಸೆಯಲ್ಲಿ ಬಹಳ ಕೋಳಿಗಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ತೆರೆದ ಮೇಲೆ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ನೆರೆಕರೆಯ ಹತ್ತು ಮನೆಯವರು ಸೇರಿ ಒಂದೇ ದಿನ ಹಾಕಿಸಿಕೊಳ್ಳುವುದು ಜಾಣತನ. ಮಳೆಗಾಲಕ್ಕೆ ಮೊದಲು, ಪತ್ತನಾಜೆಯ ಹೊತ್ತಿಗೆ ಇದನ್ನು ಮುಗಿಸಿದರೆ ಆಟಿಯಲ್ಲಿ ನೆಮ್ಮದಿ.

ಬೂದಿ, ಬೇವು, ಅರಸಿನ

ಕೋಳಿ ತನ್ನ ಮೈಯನ್ನು ತಾನೇ ಶುಚಿ ಮಾಡಿಕೊಳ್ಳುವ ಪ್ರಾಣಿ. ತೆಂಗಿನ ಬುಡದ ಒಣಮಣ್ಣಿನಲ್ಲಿ ಹೊರಳಿ, ಗರಿಗಳ ನಡುವೆ ಧೂಳು ತುಂಬಿಸಿಕೊಂಡು ಕೊಡವಿಬಿಡುತ್ತದೆ. ಮಳೆಗಾಲದಲ್ಲಿ ಒಣಮಣ್ಣು ಎಲ್ಲಿದೆ? ಹೇನು, ನುಸಿ ಆಗ ಹೆಚ್ಚಲು ಇದೂ ಒಂದು ಕಾರಣ. ಮಾಡಿನ ಅಡಿಯಲ್ಲಿ ಅಗಲವಾದ ಹಳೆಯ ಬಾಣಲೆಯಲ್ಲೋ ಪೆಟ್ಟಿಗೆಯಲ್ಲೋ ಒಣಮಣ್ಣು, ಬಚ್ಚಲೊಲೆಯ ತಣ್ಣಗಾದ ಬೂದಿ ಸೇರಿಸಿ ಇಡಿ. ಬೂದಿ ಒದ್ದೆಯಾದರೆ ಚರ್ಮ ಸುಡುತ್ತದೆ; ಒಣಗಿಯೇ ಇರಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಳುವ ಮಣ್ಣಿಗೆ ಗಂಧಕದ ಪುಡಿ ಬೆರೆಸಿದಾಗ ಹೇನು, ನುಸಿಗಳು ಬಹುಪಾಲು ಇಲ್ಲವಾದದ್ದು ಕಂಡುಬಂದಿತ್ತು. ಅಜ್ಜಿಯಂದಿರ ಬೂದಿಗುಂಡಿಯ ಹಿಂದಿದ್ದ ತರ್ಕವೂ ಇಂಥದ್ದೇ.

ಗಾಯಕ್ಕೆ, ಸಿಡುಬಿನ ಹಕ್ಕಳೆಗೆ ಅರಸಿನ, ಬೇವಿನೆಣ್ಣೆ ಹಚ್ಚುವುದು ತಪ್ಪಲ್ಲ. ನೊಣ ಕೂರುವುದು ತಪ್ಪುತ್ತದೆ, ಗಾಯ ಕೊಳೆಯುವುದು ಕಡಿಮೆಯಾಗುತ್ತದೆ. ಆದರೆ ಅರಸಿನದಿಂದ ವೈರಸ್ಸು ಸಾಯುತ್ತದೆಂದು ನಂಬಿ ಲಸಿಕೆ ಬಿಡಬಾರದು.

ಹಿಂದೆ ಕೋಳಿಗೂಡಿಗೆ ಬಿ.ಎಚ್.ಸಿ., ಡಿ.ಡಿ.ಟಿ. ಪುಡಿ ಎರಚುತ್ತಿದ್ದರು. ಈ ವಿಷಗಳು ಕೊಬ್ಬಿನಲ್ಲಿ, ಮೊಟ್ಟೆಯ ಹಳದಿಯಲ್ಲಿ ಶೇಖರವಾಗುತ್ತವೆ. ಬಿ.ಎಚ್.ಸಿ.ಯನ್ನು ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಇಂದು ಮಲ್ಲಿಗೆಗೆ, ಭತ್ತಕ್ಕೆ ಹೊಡೆಯುವ ಕೀಟನಾಶಕಗಳೂ ಕೋಳಿಗೆ ಹೇಳಿದ ಮದ್ದಲ್ಲ; ಅಡಿಕೆಗೆ ಬಳಸುವ ಮೈಲುತುತ್ತೂ ಅಲ್ಲ. ಪಶುವೈದ್ಯರು ಬರೆದುಕೊಟ್ಟ ಪುಡಿ, ಔಷಧಗಳನ್ನು ಬಳಸುವಾಗಲೂ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿ ತಿಳಿದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ಕೋಳಿಯ ನೀರಿಗೆ ಹಾಕುವುದು ಇನ್ನೊಂದು ಕೆಟ್ಟ ರೂಢಿ. ಹೇನಿಗೂ ಸಿಡುಬಿಗೂ ಅದು ಕೆಲಸ ಮಾಡುವುದಿಲ್ಲ. ಬದಲಿಗೆ ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಈ ಭಯದಿಂದಲೇ 2019ರಲ್ಲಿ ಕೇಂದ್ರ ಸರಕಾರ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಕೋಳಿ ಮುಂತಾದ ಆಹಾರ ಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಿತು.

ಯಾವಾಗ ತಡಮಾಡಬಾರದು?

ಗರಿ ಉದುರುವುದು ಬೇರೆ, ಗರಿ ಕೆದರುವುದು ಬೇರೆ. ಗರಿಯೆಲ್ಲ ಇದ್ದೂ ಅದನ್ನು ಕೆದರಿಕೊಂಡು, ಕುತ್ತಿಗೆ ಕುಗ್ಗಿಸಿ, ಮೂಲೆಯಲ್ಲಿ ಕೂತ ಕೋಳಿಯ ರೋಗ ಚರ್ಮದ್ದಲ್ಲ, ಒಳಗಿನದ್ದು. ಹಸಿರು ಭೇದಿ, ಕುತ್ತಿಗೆ ತಿರುಚುವುದು ಜತೆಗಿದ್ದರೆ ರಾಣಿಖೇತ್ ರೋಗದ ಅನುಮಾನ ಬರಬೇಕು. ಅದಕ್ಕೂ ಲಸಿಕೆಯೇ ದಾರಿ.

ಜುಟ್ಟು, ಕಾಲು ನೀಲಿಗಪ್ಪಾಗಿ, ತಲೆ ಊದಿ, ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತರೆ ಮುಟ್ಟಬೇಡಿ, ಮಾರಬೇಡಿ, ಕೊಯ್ಯಬೇಡಿ. ಹಕ್ಕಿಜ್ವರವೂ ಹೀಗೆಯೇ ಕಾಣಿಸಿಕೊಳ್ಳಬಹುದು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ. 2012ರಲ್ಲಿ ನಮ್ಮದೇ ರಾಜ್ಯದ ಹೆಸರಘಟ್ಟದ ಸರಕಾರಿ ಕೋಳಿ ಕೇಂದ್ರದಲ್ಲೂ ಕಾಣಿಸಿಕೊಂಡಿತು. ಇಂಥ ಹೊತ್ತಿನಲ್ಲಿ ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ಸಂಚಾರಿ ಪಶು ಚಿಕಿತ್ಸಾ ಸೇವೆಗೆ 1962 ಎಂಬ ಸಂಖ್ಯೆಯಿದೆ. ಮಕ್ಕಳನ್ನು ಗೂಡಿನಿಂದ ದೂರವಿಡಿ.

ಹೊಸ ಕೋಳಿ ತಂದಾಗಲೂ ಎಚ್ಚರ ಬೇಕು. ಸಂತೆಯ ಊರ ಕೋಳಿಯಾಗಲಿ, ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳಾಗಲಿ, ಎರಡು ಮೂರು ವಾರ ಬೇರೆಯೇ ಇಟ್ಟು, ಮೈ ನೋಡಿ, ಆಮೇಲೆ ಗುಂಪಿಗೆ ಸೇರಿಸಬೇಕು.

ಮಕ್ಕಳ ಕೈಗೊಂದು ಪುಸ್ತಕ

ವಿದ್ಯಾರ್ಥಿಗಳಿಗೆ ಹಿತ್ತಿಲ ಗೂಡಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಇನ್ನೂರು ಪುಟದ ಒಂದು ನೋಟು ಪುಸ್ತಕ, ಒಂದು ಟಾರ್ಚು, ಒಂದು ಭೂತಗನ್ನಡಿ ಸಾಕು. ಪ್ರತಿ ಕೋಳಿಗೆ ಒಂದು ಹೆಸರು, ಒಂದು ಪುಟ. ತಿಂಗಳಿಗೊಮ್ಮೆ ರಾತ್ರಿ ಅಪ್ಪನೋ ಅಮ್ಮನೋ ಕೋಳಿ ಹಿಡಿದುಕೊಳ್ಳಲಿ, ಮಕ್ಕಳು ತಲೆಯಿಂದ ಪಾದದವರೆಗೆ ನೋಡಿ ಬರೆಯಲಿ: ಜುಟ್ಟಿನ ಬಣ್ಣ, ಬೋಳಿನ ಜಾಗ, ಹೇನು ಇದೆಯೋ ಇಲ್ಲವೋ, ಕಾಲಿನ ಹುರುಪೆ, ಮೊಟ್ಟೆಯ ಲೆಕ್ಕ, ಲಸಿಕೆಯ ದಿನ. ಬೋಳಾದ ಭಾಗದ ಚಿತ್ರ ಬರೆದರೆ ಇನ್ನೂ ಒಳ್ಳೆಯದು. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಪಾಠದ ಕೊನೆಯ ಭಾಗ.

ಒಂದು ವರ್ಷದ ಬರಹ ಕೂಡಿದರೆ ಅದರಲ್ಲಿ ಯಾವ ಹೇಂಟೆ ಯಾವಾಗ ಗರಿ ಬಿಡುತ್ತದೆ, ಯಾವ ತಿಂಗಳಲ್ಲಿ ನುಸಿ ಏರುತ್ತದೆ, ಗೂಡಿಗೆ ಸುಣ್ಣ ಬಳಿದ ಮೇಲೆ ಎಷ್ಟು ಇಳಿಯಿತು ಎಲ್ಲವೂ ಕಾಣುತ್ತದೆ. ಪಶುವೈದ್ಯರ ಬಳಿಗೆ ಹೋಗುವಾಗ ಆ ಪುಸ್ತಕವನ್ನೂ ಒಯ್ಯಿರಿ. 'ಕೋಳಿಗೆ ಏನೋ ಆಗಿದೆ ಡಾಕ್ಟ್ರೇ' ಎನ್ನುವುದಕ್ಕೂ, 'ಮೂರು ಹೇಂಟೆಗಳಿಗೆ ಬಾಲದ ಬುಡದಲ್ಲಿ ಗರಿ ಮುರಿದಿದೆ, ಹತ್ತು ದಿನ ಆಯ್ತು, ಹುಂಜನಿಗೆ ಇಲ್ಲ' ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಮಾತಿನಲ್ಲಿ ಅರ್ಧ ಚಿಕಿತ್ಸೆ ಆಗಲೇ ಮುಗಿದಿರುತ್ತದೆ.